ಮಾಡ್ ಬೇರೆ, ಕದ್ದ ಎಪಿಕೆ ಬೇರೆ

1/8

ಒಂದು ಮಾತು ನೇರವಾಗಿ ಹೇಳ್ಬಿಡ್ತೀನಿ, ಆಮೇಲೆ ಜಗಳ ಆಡೋಣ. ದುಡ್ಡು ಕೊಟ್ಟು ತಗೊಂಡ ಗೇಮ್‌ಗೆ ಮಾಡ್ ಹಾಕೋದು ಕಳ್ಳತನ ಅಲ್ಲ. ಕದ್ದ ಗೇಮ್‌ಗೆ "ಮಾಡ್" ಅಂತ ಹೆಸರಿಟ್ಟು ಹಂಚೋದಿದ್ಯಲ್ಲ, ಅದು ಕಳ್ಳತನ.

ಹೋದ ವಾರ ಸ್ಟೋರಿಯಲ್ಲಿ ಬೀಟ್ ಸೇಬರ್‌ಗೆ ಮಾಡ್ ಹಾಕಿರೋ ಸ್ಕ್ರೀನ್‌ಶಾಟ್ ಹಾಕಿದ್ದೆ. ಡಿಎಂಗೆ ಬಂದಿದ್ದು ಎರಡೇ ಥರದ ಮೆಸೇಜ್. ಒಂದು, "ಮಗಾ, ಫ್ರೀ ಎಪಿಕೆ ಲಿಂಕ್ ಕಳ್ಸೋ." ಇನ್ನೊಂದು, "ನೀನೂ ಪೈರಸಿ ಶುರು ಹಚ್ಕೊಂಡ್ಯಾ?" ಕೇಳೋಕೆ ಎರಡೂ ಉಲ್ಟಾ ಅನ್ಸತ್ತೆ. ಆದ್ರೆ ಇಬ್ಬರ ತಲೆಯಲ್ಲಿ ಇರೋದು ಒಂದೇ: ಮಾಡ್ ಅಂದ್ರೆ ಪುಕ್ಕಟೆ ಗೇಮ್. ಒಬ್ಬನಿಗೆ ಅದು ಬೇಕು, ಇನ್ನೊಬ್ಬನಿಗೆ ಅದು ಪಾಪ. ಇಬ್ಬರಿಗೂ ಸೇರಿಸಿ ಈ ಸೀರೀಸ್.

ಗೊತ್ತಿಲ್ದೇ ಇರೋರಿಗೆ: ಬೀಟ್ ಸೇಬರ್ ಒಂದು ವಿಆರ್ ಗೇಮ್. ಕಣ್ಣಿಗೆ ಹೆಡ್‌ಸೆಟ್, ಎರಡು ಕೈಯಲ್ಲಿ ಎರಡು ಕಂಟ್ರೋಲರ್. ಹಾಡಿನ ತಾಳಕ್ಕೆ ಸರಿಯಾಗಿ ಎದುರಿಂದ ಕೆಂಪು, ನೀಲಿ ಡಬ್ಬಿಗಳು ಬರ್ತಾವೆ, ಬೆಳಕಿನ ಕತ್ತಿಯಲ್ಲಿ ಸೀಳ್ತಾ ಹೋಗ್ಬೇಕು. ಚೆಕ್ ದೇಶದ ಪ್ರಾಗ್‌ನಲ್ಲಿರೋ ಬೀಟ್ ಗೇಮ್ಸ್ ಅನ್ನೋ ಸಣ್ಣ ತಂಡ ಇದನ್ನ ಮಾಡಿದ್ದು. 2018ರ ಮೇ 1ಕ್ಕೆ ಅರ್ಲಿ ಆಕ್ಸೆಸ್‌ಗೆ ಬಂತು. ಆವಾಗ ಅದರಲ್ಲಿ ಇದ್ದಿದ್ದು ಬರೀ 10 ಹಾಡು.

10 ಹಾಡು ಎಷ್ಟು ದಿನ ಬಾಳತ್ತೆ ಹೇಳಿ? ಆಡೋರೇ ಕೂತ್ಕೊಂಡು ತಮಗಿಷ್ಟದ ಹಾಡು ಸೇರ್ಸೋ ದಾರಿ ಕಂಡ್ಕೊಂಡ್ರು. ಅದೇ ಮಾಡ್. ಗೇಮ್‌ನ ಯಾರ ಅಂಗಡಿಯಿಂದಲೂ ಎತ್ಕೊಂಡ್ ಬರ್ಲಿಲ್ಲ. ಮನೇಲಿರೋ ಗೇಮ್‌ನ ದೊಡ್ಡದು ಮಾಡ್ಕೊಂಡ್ರು.

ಸ್ವೈಪ್ ಮಾಡಿ. ಮೊದ್ಲು, ಮಾಡ್ ಹಾಕುವಾಗ ಒಳಗೆ ಏನಾಗತ್ತೆ ಅಂತ ನೋಡೋಣ.

2/8

ಮಾಡ್ ಹಾಕೋದ್ರಲ್ಲಿ ಮಾಟಮಂತ್ರ ಏನೂ ಇಲ್ಲ. ಫೋಲ್ಡರ್ ಕೆಲಸ ಅಷ್ಟೇ.

ಕಂಪ್ಯೂಟರ್‌ನಲ್ಲಿ ಹೀಗೆ. ಸ್ಟೀಮ್‌ನಲ್ಲಿ ಗೇಮ್ ಕೊಂಡು ಇನ್‌ಸ್ಟಾಲ್ ಮಾಡ್ಕೋತೀರಿ. ಆಮೇಲೆ ಬಿಎಸ್ ಮ್ಯಾನೇಜರ್ ಅನ್ನೋ ಉಚಿತ ಪ್ರೋಗ್ರಾಂ. ಅದು ಬಿಎಸ್ಐಪಿಎ ಅನ್ನೋ ಲೋಡರ್‌ನ ಗೇಮ್ ಫೋಲ್ಡರ್‌ಗೆ ಸೇರ್ಸತ್ತೆ. ಗೇಮ್ ಶುರುವಾದಾಗ ಈ ಲೋಡರ್ "ಪ್ಲಗಿನ್ಸ್" ಫೋಲ್ಡರ್ ಒಳಗಿರೋ ಪುಟ್ಟ ಪುಟ್ಟ ಫೈಲ್‌ಗಳನ್ನ ಓದಿ ಗೇಮ್ ಜೊತೆ ಓಡಿಸತ್ತೆ. ಅದರಲ್ಲಿ ಸಾಂಗ್‌ಕೋರ್ ಅನ್ನೋದೊಂದು. ನೀವು ಸೇರಿಸಿದ ಹಾಡುಗಳನ್ನ ಪಟ್ಟಿಗೆ ತರೋದು ಅದರ ಕೆಲಸ. ಒಂದು ಹಾಡು ಅಂದ್ರೂ ಒಂದು ಫೋಲ್ಡರೇ: ಒಳಗೆ ಆಡಿಯೋ, ಕವರ್ ಚಿತ್ರ, ಮತ್ತೆ ಯಾವ ಡಬ್ಬಿ ಯಾವ ಕ್ಷಣಕ್ಕೆ ಎಲ್ಲಿ ಬರ್ಬೇಕು ಅಂತ ಬರ್ದಿರೋ ಫೈಲ್. ಅಷ್ಟೇ.

ಕ್ವೆಸ್ಟ್ ಹೆಡ್‌ಸೆಟ್‌ನಲ್ಲಿ ಸ್ವಲ್ಪ ಸುತ್ತು ಜಾಸ್ತಿ. ಡೆವಲಪರ್ ಮೋಡ್ ಆನ್ ಮಾಡ್ಬೇಕು, ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸ್ಬೇಕು. ಮಾಡ್ಸ್ ಬಿಫೋರ್ ಫ್ರೈಡೇ ಅಂತ ಒಂದು ಟೂಲ್ ಇದೆ, ಅದು ಕ್ರೋಮ್ ಬ್ರೌಸರ್‌ನಲ್ಲೇ ಓಡತ್ತೆ. ಹೆಡ್‌ಸೆಟ್‌ನಲ್ಲಿ ಆಗ್ಲೇ ಇರೋ ಗೇಮ್‌ನೇ ತಗೊಂಡು, ಅದಕ್ಕೆ ಮಾಡ್ ಲೋಡರ್ ಸೇರ್ಸಿ, ವಾಪಸ್ ಅಲ್ಲೇ ಇಡತ್ತೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಎರಡೂ ದಾರಿ ಶುರುವಾಗೋದು ಕೊಂಡ ಗೇಮ್‌ನಿಂದ. ಗೇಮ್ ಇಲ್ದೇ ಮಾಡ್ ಅನ್ನೋದು ತೇರೇ ಇಲ್ದೇ ತೇರಿಗೆ ಹೂವು ಕಟ್ಟಿದ ಹಾಗೆ. ಬೀಟ್ ಸೇಬರ್ ಮಾಡಿಂಗ್ ಗ್ರೂಪ್‌ನವರ ಹತ್ರ ಹೋಗಿ ಕದ್ದ ಕಾಪಿಗೆ ಸಹಾಯ ಕೇಳಿ ನೋಡಿ, ಬಾಗಿಲು ತೋರಿಸ್ತಾರೆ. ಮಾಡ್ ಬರೆಯೋರೇ ಪೈರಸಿನ ಹತ್ರಕ್ಕೆ ಸೇರ್ಸಲ್ಲ. ಹಂಗಿದ್ಮೇಲೆ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿದ್ದು ಯಾರು?

3/8

ತುಂಬಿದ್ದು ನಾವೇ. ಫೋನ್ ಹಿಡ್ಕೊಂಡು ಬೆಳೆದ ನಮ್ಮ ಬ್ಯಾಚ್.

ನಮ್ಗೆ "ಮಾಡ್" ಅನ್ನೋ ಪದ ಮೊದ್ಲು ಸಿಕ್ಕಿದ್ದು ಟೆಲಿಗ್ರಾಂ ಚಾನೆಲ್‌ನಲ್ಲಿ. ಅನ್‌ಲಿಮಿಟೆಡ್ ಕಾಯಿನ್ ಮಾಡ್ ಎಪಿಕೆ. ಪ್ರೀಮಿಯಂ ಅನ್‌ಲಾಕ್ ಮಾಡ್ ಎಪಿಕೆ. ಜಾಹೀರಾತು ಇಲ್ದೇ ಹಾಡು ಕೇಳೋ ಮಾಡ್ ಎಪಿಕೆ. ಇದ್ಯಾವುದೂ ಮಾಡ್ ಅಲ್ಲ ಕಣ್ರೋ. ದುಡ್ಡು ಕೇಳೋ ಜಾಗದಲ್ಲಿ ಬೀಗ ಒಡ್ದಿರೋ ಕಾಪಿ. ಬೀಗ ಒಡೆದೋನು ಸುಮ್ನೆ ಒಡೆದಿರಲ್ಲ. ಅವನಿಗೆ ಏನೋ ಒಂದು ಲಾಭ ಇರ್ಬೇಕು. ಅವನು ನಿಮ್ಮ ಹತ್ರ ದುಡ್ಡು ಕೇಳ್ತಿಲ್ಲ ಅಂದ್ರೆ, ಬೇರೇನು ತಗೋತಿದ್ದಾನೆ ಅಂತ ಒಂದು ನಿಮಿಷ ಯೋಚ್ನೆ ಮಾಡಿ.

ಹೆದರಿಸೋಕೆ ಹೇಳ್ತಿಲ್ಲ. ಮಾಡ್ ಅಂದ್ರೆ ನಿಮ್ಮ ಮಷೀನ್‌ನಲ್ಲಿ ಓಡೋ ಕೋಡ್. ಒಳ್ಳೇ ಮಾಡೂ ಕೋಡೇ, ಕೆಟ್ಟ ಮಾಡೂ ಕೋಡೇ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಆಡೋರಿಗೆ ಇದು ಚೆನ್ನಾಗಿ ಅರ್ಥ ಆಯ್ತು. ಕರ್ಸ್‌ಫೋರ್ಜ್‌ನಂಥ ಹೆಸರಾಂತ ಜಾಗದಲ್ಲೇ ಕೆಲವು ಮಾಡ್‌ಗಳ ಒಳಗೆ ಫ್ರಾಕ್ಚರೈಸರ್ ಅನ್ನೋ ಮಾಲ್‌ವೇರ್ ಸೇರ್ಕೊಂಡಿತ್ತು. ಪಾಸ್‌ವರ್ಡ್, ಲಾಗಿನ್ ಕದಿಯೋದೇ ಅದರ ಕಸುಬು. ಅಷ್ಟು ಜನ ಕಣ್ಣಿಟ್ಟಿರೋ ಜಾಗದಲ್ಲೇ ಹೀಗಾದ್ರೆ, ಹೆಸರೇ ಇಲ್ದಿರೋ ಚಾನೆಲ್‌ನ "ಒಂದೇ ಕ್ಲಿಕ್, ಎಲ್ಲಾ ಫ್ರೀ" ಫೈಲ್ ಕಥೆ ಏನು?

ಅದಕ್ಕೇ ನಾನು ಹೇಳೋದು: ಮಾಡ್ ಹಾಕೋರು ಯಾವ ಫೈಲ್ ಎಲ್ಲಿಂದ ಬಂತು, ಯಾರು ಬರ್ದಿದ್ದು, ಸೋರ್ಸ್ ಕೋಡ್ ಎಲ್ರಿಗೂ ಕಾಣೋ ಹಾಗಿದ್ಯಾ ಅಂತ ನೋಡ್ಬೇಕು. ಬಿಎಸ್ಐಪಿಎ ಕೋಡ್ ಓಪನ್ ಆಗಿದೆ, ಯಾರು ಬೇಕಾದ್ರೂ ಹೋಗಿ ಓದಬಹುದು. ಮಾಡ್ ಎಪಿಕೆ ಕೊಡೋನು ತನ್ನ ಹೆಸರನ್ನೂ ಹೇಳಲ್ಲ. ವ್ಯತ್ಯಾಸ ಇಷ್ಟು ಸಿಂಪಲ್.

4/8

ಈಗ ಕಾನೂನು. "ಮಾಡ್ ಇಲ್ಲೀಗಲ್ ಕಣೋ" ಅಂತ ಕಾಮೆಂಟ್ ಹಾಕಿದ ಬಿಕಾಂ ಮಿತ್ರರೇ, ಬಿಸಿನೆಸ್ ಲಾ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ರೀಲ್ಸ್ ನೋಡ್ತಿದ್ರಾ?

ಭಾರತದ ಕಾಪಿರೈಟ್ ಕಾಯ್ದೆ, 1957. ಅದರ 52ನೇ ಸೆಕ್ಷನ್‌ನಲ್ಲಿ ಯಾವ್ಯಾವುದು ಉಲ್ಲಂಘನೆ ಅಲ್ಲ ಅಂತ ಪಟ್ಟಿ ಇದೆ. 52(1)(ಎಡಿ) ಹೇಳೋದರ ಸಾರ ಇಷ್ಟು: ನೀವೇ ಕಾನೂನುಬದ್ಧವಾಗಿ ಪಡೆದಿರೋ ಕಂಪ್ಯೂಟರ್ ಪ್ರೋಗ್ರಾಂನ ಕಾಪಿಯಿಂದ, ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ, ಇನ್ನೊಂದು ಕಾಪಿ ಮಾಡೋದು ಅಥವಾ ಅದನ್ನ ಬದಲಾಯಿಸಿಕೊಳ್ಳೋದು ಕಾಪಿರೈಟ್ ಉಲ್ಲಂಘನೆ ಅಲ್ಲ.

ಇನ್ನೊಂದ್ಸಲ ಓದಿ. ಮೂರು ಷರತ್ತು. ಕಾನೂನುಬದ್ಧ ಕಾಪಿ ಆಗಿರ್ಬೇಕು. ಸ್ವಂತ ಬಳಕೆಗೆ ಇರ್ಬೇಕು. ವ್ಯಾಪಾರಕ್ಕೆ ಇರ್ಬಾರ್ದು. ಕೊಂಡ ಗೇಮ್‌ಗೆ ಮನೇಲಿ ಕೂತು ಮಾಡ್ ಹಾಕೋನು ಮೂರನ್ನೂ ದಾಟ್ತಾನೆ. ಟೆಲಿಗ್ರಾಂನ ಕದ್ದ ಎಪಿಕೆ ಮೊದಲನೇದಕ್ಕೇ ಫೇಲ್. ಅಷ್ಟೇ ಅಲ್ಲ, 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘನೆ ಮಾಡೋ ಉದ್ದೇಶದಿಂದ ರಕ್ಷಣೆಯ ಬೀಗ ಒಡೆದ್ರೆ 2 ವರ್ಷದವರೆಗೂ ಜೈಲು, ಜೊತೆಗೆ ದಂಡ. ಮಾಡ್‌ಗೂ ಕ್ರ್ಯಾಕ್‌ಗೂ ಇರೋ ಗೆರೆಯನ್ನ ನಮ್ಮ ಕಾಯ್ದೆನೇ ಎಳೆದಿದೆ. ನಾವು ಅಳಿಸ್ತಾ ಕೂತಿದೀವಿ.

"ಆದ್ರೆ ಲೈಸೆನ್ಸ್ ಷರತ್ತಿದ್ಯಲ್ಲ?" ಇದೆ. ಒಪ್ಪಂದ ಮುರಿದ್ರೆ ಕಂಪನಿ ನಿಮ್ಮ ಅಕೌಂಟ್ ಮೇಲೆ ಕ್ರಮ ತಗೋಬಹುದು, ಅದೂ ನಿಜ. ಆದ್ರೆ ಒಪ್ಪಂದದ ಜಗಳ ಬೇರೆ, ಕಳ್ಳತನದ ಆರೋಪ ಬೇರೆ. ಬಾಡಿಗೆ ಮನೆಗೆ ಮೊಳೆ ಹೊಡೆದ್ರೆ ಓನರ್ ಬೈಬಹುದು, ಕಳ್ಳ ಅನ್ನೋಕಾಗಲ್ಲ.

ಅಂದಹಾಗೆ, ಕೊಂಡ್ಕೋತಿದೀವಿ ಅಂತ ನಾವು ಅನ್ಕೊಂಡಿರೋದೇ ಕೊಳ್ಳೋದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, ಡಿಜಿಟಲ್ ಅಂಗಡಿಗಳು "ನೀವು ಪಡೀತಿರೋದು ಲೈಸೆನ್ಸ್ ಮಾತ್ರ" ಅಂತ ಮೊದ್ಲೇ ಹೇಳ್ಬೇಕು ಅನ್ನತ್ತೆ. ಅದಕ್ಕೂ ಮುಂಚೆ, 2024ರಲ್ಲೇ ಸ್ಟೀಮ್ ತನ್ನ ಕಾರ್ಟ್‌ನಲ್ಲಿ ಆ ಸಾಲು ಹಾಕ್ತು. ನಮ್ಮ ಸರಕು ಮಾರಾಟ ಕಾಯ್ದೆ, 1930 ಪ್ರಕಾರ ವಸ್ತು ಕೊಂಡೋನಿಗೆ ನೆಮ್ಮದಿಯಾಗಿ ಅನುಭವಿಸೋ ಭರವಸೆನೂ ಸಿಗತ್ತೆ. ಲೈಸೆನ್ಸ್ ತಗೊಂಡೋನಿಗೆ ಆ ನೆಮ್ಮದಿನೂ ಇಲ್ಲ. ಬೆಲೆ ಮಾತ್ರ ಪೂರ್ತಿ.

5/8

"ಪಾಪ, ಕಂಪನಿಗೆ ಲಾಸ್ ಆಗಲ್ವಾ?" ಸರಿ, ಲೆಕ್ಕ ಹಾಕೋಣ. ನಾವು ಕಲಿಯೋದು ಅದನ್ನೇ ತಾನೇ.

ಬೀಟ್ ಸೇಬರ್ ಬಂದ ವರ್ಷದಿಂದಲೇ ಮಾಡ್ ಇದೆ. ಆಡೋರು ಮಾಡಿದ ಹಾಡುಗಳು ಪುಕ್ಕಟೆ ಸಿಗ್ತಿದ್ವು. ಇದರ ನಡುವೆ ಗೇಮ್ ಏನಾಯ್ತು?

2019ರ ಮಾರ್ಚ್: ವರ್ಷ ತುಂಬೋ ಮುಂಚೆನೇ 10 ಲಕ್ಷ ಕಾಪಿ ಮಾರಾಟ.
2019ರ ನವೆಂಬರ್: ಫೇಸ್‌ಬುಕ್ ಇಡೀ ಬೀಟ್ ಗೇಮ್ಸ್ ಸ್ಟುಡಿಯೋನೇ ಕೊಂಡ್ಕೊಳ್ತು.
2021ರ ಫೆಬ್ರವರಿ: 40 ಲಕ್ಷ ಕಾಪಿ. ಜೊತೆಗೆ ದುಡ್ಡು ಕೊಟ್ಟು ಕೊಳ್ಳೋ ಹಾಡುಗಳು 4 ಕೋಟಿ ಮಾರಾಟ.
2021ರ ಅಕ್ಟೋಬರ್: ಬರೀ ಕ್ವೆಸ್ಟ್ ಹೆಡ್‌ಸೆಟ್‌ನಿಂದಲೇ ಒಟ್ಟು ಆದಾಯ 10 ಕೋಟಿ ಡಾಲರ್ ದಾಟ್ತು ಅಂತ ಜಕರ್‌ಬರ್ಗ್ ವೇದಿಕೆ ಮೇಲೆ ಹೇಳಿದ್ರು.

ಮಾಡ್‌ನಿಂದಲೇ ಇಷ್ಟು ಮಾರಾಟ ಆಯ್ತು ಅಂತ ನಾನು ಹೇಳಲ್ಲ. ಅದನ್ನ ಈ ಅಂಕಿಗಳು ಸಾಬೀತು ಮಾಡಲ್ಲ. ಆದ್ರೆ "ಮಾಡ್ ಗೇಮ್‌ನ ಕೊಲ್ಲತ್ತೆ" ಅನ್ನೋ ವಾದ ಈ ಲೆಕ್ಕದ ಮುಂದೆ ನಿಲ್ಲಲ್ಲ. ಪುಕ್ಕಟೆ ಹಾಡು ಪಕ್ಕದಲ್ಲೇ ಇದ್ರೂ ಜನ 4 ಕೋಟಿ ಹಾಡು ಕೊಂಡ್ರು. ಎಕನಾಮಿಕ್ಸ್‌ನಲ್ಲಿ ಪೂರಕ ಸರಕು ಅಂತ ಓದಿದೀವಲ್ಲ? ಕಾಫಿಪುಡಿ ಜೊತೆ ಸಕ್ಕರೆನೂ ಖರ್ಚಾಗತ್ತೆ, ಒಂದು ಇನ್ನೊಂದನ್ನ ತಿನ್ನಲ್ಲ.

ಇನ್ನೂ ನಂಬಿಕೆ ಬರ್ಲಿಲ್ವಾ? ನಿಮ್ಮ ಫೋನ್ ತೆಗೀರಿ. ಬಿಜಿಎಂಐ ಇದ್ಯಾ? ಅದರ ಬೇರು ಹುಡುಕ್ಕೊಂಡು ಹೋಗಿ. ಬಿಜಿಎಂಐ ಹಿಂದೆ ಪಬ್‌ಜಿ. ಪಬ್‌ಜಿ ಹಿಂದೆ ಬ್ರೆಂಡನ್ ಗ್ರೀನ್ ಅನ್ನೋ ಮನುಷ್ಯ ಮಾಡಿದ ಬ್ಯಾಟಲ್ ರಾಯಲ್ ಮಾಡ್. ಅದು ಕೂತಿದ್ದು ಡೇಜೀ ಅನ್ನೋ ಇನ್ನೊಂದು ಮಾಡ್ ಮೇಲೆ. ಡೇಜೀ ಕೂತಿದ್ದು ಆರ್ಮಾ 2 ಅನ್ನೋ ಚೆಕ್ ಗೇಮ್ ಮೇಲೆ. ಕೌಂಟರ್ ಸ್ಟ್ರೈಕ್ ಕೂಡ 1999ರಲ್ಲಿ ಹಾಫ್ ಲೈಫ್‌ಗೆ ಇಬ್ಬರು ಹುಡುಗರು ಮಾಡಿದ ಮಾಡ್. ಕ್ಯಾಂಟೀನ್‌ನಲ್ಲಿ ಕೂತು ಬಿಜಿಎಂಐ ಆಡ್ತಾ "ಮಾಡ್ ಅಂದ್ರೆ ಕಳ್ಳತನ" ಅನ್ನೋದು, ಅಜ್ಜಿ ಮಾಡಿಟ್ಟ ಹಪ್ಪಳ ತಿಂತಾ ಅಜ್ಜಿಗೇ ಅಡುಗೆ ಬರಲ್ಲ ಅಂದ ಹಾಗೆ.

6/8

ಈಗ ನನ್ನ ಕಡೆಯವರಿಗೂ ಎರಡು ಮಾತು. ಮಾಡ್ ಅಂದಾಕ್ಷಣ ಎಲ್ಲಾ ಸರಿ ಅಲ್ಲ.

ಸ್ಕೂಟರ್ ಉದಾಹರಣೆ ತಗೊಳ್ಳಿ. ನಿಮ್ಮ ಸ್ಕೂಟರ್‌ಗೆ ಹೊಸ ಸೀಟ್ ಕವರ್ ಹಾಕ್ಸಿ, ಅಪ್ಪು ಸ್ಟಿಕ್ಕರ್ ಅಂಟಿಸಿ, ಯಾರೂ ಕೇಳಲ್ಲ. ಅದೇ ಬೈಕ್‌ನ ಸೈಲೆನ್ಸರ್ ಬದಲಾಯಿಸಿ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಗುಡುಗಿಸಿದ್ರೆ ಪೊಲೀಸರು ಹಿಡೀತಾರೆ, ಹಿಡೀಲೂಬೇಕು. ಬೈಕ್ ನಿಮ್ದೇ. ಆದ್ರೆ ಕಿವಿ ಇನ್ನೊಬ್ಬರದ್ದು.

ವಿಆರ್‌ನಲ್ಲೂ ಗೆರೆ ಇದೇ. ನೀವೊಬ್ಬರೇ ಆಡೋ ಗೇಮ್‌ಗೆ ಹಾಡು, ಬಣ್ಣ, ಕತ್ತಿ ಏನು ಬೇಕಾದ್ರೂ ಹಾಕ್ಕೊಳ್ಳಿ. ಹತ್ತು ಜನ ಸೇರೋ ಜಾಗದಲ್ಲಿ ಇನ್ನೊಬ್ಬರ ಆಟ ಕ್ರ್ಯಾಶ್ ಮಾಡೋದು, ಸ್ಕೋರ್ ಕದಿಯೋದು, ಬೇರೆಯವರ ಅವತಾರ್ ಎತ್ಕೊಂಡು ಹೋಗೋದು, ಅದು ಸೈಲೆನ್ಸರ್.

2022ರ ಜುಲೈನಲ್ಲಿ ವಿಆರ್‌ಚಾಟ್ ಕಂಪನಿ ಈಸಿ ಆಂಟಿ ಚೀಟ್ ಅನ್ನೋದನ್ನ ತಂದು ಎಲ್ಲಾ ಮಾಡ್ ಮುಚ್ಚಿಸಿತು. ಅವರು ಕೊಟ್ಟ ಕಾರಣ ಸುಳ್ಳಲ್ಲ, ಕೆಟ್ಟ ಮಾಡ್‌ಗಳಿಂದ ಜನಕ್ಕೆ ಕಾಟ ಇತ್ತು. ಆದ್ರೆ ಅದೇ ಏಟಿಗೆ, ಕಿವಿ ಕೇಳಿಸದವರು ಎದುರಿನವರ ಮಾತನ್ನ ಅಕ್ಷರದಲ್ಲಿ ಓದೋಕೆ ಬಳಸ್ತಿದ್ದಂಥ ಮಾಡ್‌ಗಳೂ ಹೋದ್ವು. ಆಡೋರು ಸಿಟ್ಟಿಗೆದ್ದು ಸ್ಟೀಮ್‌ನಲ್ಲಿ ಕೆಟ್ಟ ರಿವ್ಯೂಗಳ ಮಳೆ ಸುರಿಸಿದ್ರು. ಕಂಪನಿ ತನ್ನ ನಿರ್ಧಾರ ವಾಪಸ್ ತಗೊಳ್ಲಿಲ್ಲ. ಆದ್ರೆ ಆಮೇಲೆ ಮಾಡ್‌ಗಳು ಕೊಡ್ತಿದ್ದ ಕೆಲವು ಸೌಲಭ್ಯಗಳನ್ನ ತಾನೇ ಒಂದೊಂದಾಗಿ ಗೇಮ್‌ಗೆ ಸೇರಿಸ್ತಾ ಬಂತು.

ಇದ್ರಿಂದ ತಿಳ್ಕೋಬೇಕಾದ್ದು ಎರಡು. ಒಂದು, ನಾಲ್ಕು ಜನ ಪುಂಡರ ಕಾಟಕ್ಕೆ ನೂರು ಜನ ಸಾಧುಗಳ ಬಾಗಿಲು ಮುಚ್ಚತ್ತೆ. ಹಾಗಾಗಿ ಚೀಟ್ ಮಾಡೋನು ಮಾಡ್ ಮಾಡೋನಿಗೆ ಗೆಳೆಯ ಅಲ್ಲ, ಶತ್ರು. ಎರಡು, ಕಂಪನಿಗೆ ಯಾರ ಕಷ್ಟ ಕಣ್ಣಿಗೆ ಬಿದ್ದಿರ್ಲಿಲ್ವೋ ಅವರ ಕಷ್ಟಕ್ಕೆ ಮೊದ್ಲು ಕೈ ಹಾಕಿದ್ದು ಮಾಡ್ ಬರೆಯೋರು, ಅದೂ ಸಂಬಳ ಇಲ್ದೇ.

7/8

ಕಂಪನಿಗಳ ಸರದಿ.

ಮಾಡ್ ಹಾಕಿದವರಿಗೆಲ್ಲ ಗೊತ್ತಿರೋ ನೋವು ಇದು: ರಾತ್ರಿ ಚೆನ್ನಾಗಿ ಆಡಿ ಮಲಗ್ತೀರಿ, ಬೆಳಗ್ಗೆ ಗೇಮ್ ತಾನಾಗೇ ಅಪ್‌ಡೇಟ್ ಆಗಿರತ್ತೆ, ಒಂದು ಮಾಡೂ ಓಡಲ್ಲ. ಕಾರಣ ಸರಳ. ಮಾಡ್ ಬರ್ದಿರೋದು ಗೇಮ್‌ನ ಒಂದು ನಿರ್ದಿಷ್ಟ ವರ್ಷನ್‌ಗೆ. ಒಳಗಿನ ಕೋಡ್ ಬದಲಾದ್ರೆ ಮಾಡ್ ಹುಡುಕೋ ಜಾಗದಲ್ಲಿ ಅದು ಬೇರೇನೇ ಇರತ್ತೆ. ಅದಕ್ಕೇ ಬೀಟ್ ಸೇಬರ್ ಮಾಡ್ ಹಾಕೋರು ಎಷ್ಟೋ ಜನ ಬೇಕಂತಲೇ 1.29.1, 1.40.8 ಥರದ ಹಳೇ ವರ್ಷನ್‌ನಲ್ಲೇ ಉಳ್ಕೊಂಡಿದ್ದಾರೆ. ಬಿಎಸ್ ಮ್ಯಾನೇಜರ್‌ನಲ್ಲಿ ಹಳೇ ವರ್ಷನ್‌ನ ಬೇರೆ ಫೋಲ್ಡರ್‌ಗೆ ಇಳಿಸ್ಕೊಂಡ್ರೆ ಸ್ಟೀಮ್ ಅಪ್‌ಡೇಟ್ ಅದನ್ನ ಮುಟ್ಟಲ್ಲ. ಮಾಡ್ ಹಾಕೋ ಪ್ಲಾನ್ ಇದ್ರೆ ಇದು ಮೊದಲ ಕೆಲಸ, ಸೇವ್ ಮಾಡ್ಕೊಳ್ಳಿ.

ಅಪ್‌ಡೇಟ್ ಬೇಡ ಅಂತಿಲ್ಲ. ಮಾಡಿ. ಆದ್ರೆ ಹಳೇದನ್ನ ಉಳಿಸ್ಕೊಳ್ಳೋ ಆಯ್ಕೆ ಕೊಡಿ. ದುಡ್ಡು ಕೊಟ್ಟಿದ್ದು ನಾವು, ಯಾವ ವರ್ಷನ್ ಆಡ್ಬೇಕು ಅಂತ ನಿರ್ಧಾರ ಮಾಡೋದು ನೀವಾ?

ಇದು ಆಗ್ದೇ ಇರೋ ಕೆಲಸ ಏನಲ್ಲ. ವಾಲ್ವ್ 2020ರ ಮಾರ್ಚ್‌ನಲ್ಲಿ ಹಾಫ್ ಲೈಫ್ ಆಲಿಕ್ಸ್ ತಂತು, ಅದೇ ಮೇ ತಿಂಗಳಲ್ಲಿ ಹೊಸ ಲೆವೆಲ್ ಕಟ್ಟೋ ಟೂಲ್‌ಗಳನ್ನೂ ಆಡೋರ ಕೈಗೆ ಕೊಡ್ತು. ಬೋನ್‌ಲ್ಯಾಬ್‌ಗೆ ಗೇಮ್ ಒಳಗಿಂದಲೇ ಮಾಡ್ ಇಳಿಸ್ಕೋಬಹುದು. ಬೀಟ್ ಗೇಮ್ಸ್ ಕೂಡ 2019ರ ಮೇನಲ್ಲಿ ಕಂಪ್ಯೂಟರ್ ವರ್ಷನ್ ಜೊತೆ ತನ್ನದೇ ಲೆವೆಲ್ ಎಡಿಟರ್ ಕೊಟ್ಟಿತ್ತು. ಬಾಗಿಲು ತೆಗ್ಯೋಕೆ ಬರತ್ತೆ ಇವರಿಗೆ. ಮನಸ್ಸಿರ್ಬೇಕು.

ಬಾಗಿಲೇ ಇಲ್ದಿದ್ರೆ ಏನಾಗತ್ತೆ ಅಂತ ನೋಡ್ಬೇಕಾ? ಪ್ಲೇಸ್ಟೇಷನ್ ನೋಡಿ. ಅಲ್ಲಿ ಮಾಡ್‌ಗೆ ಜಾಗವೇ ಇರ್ಲಿಲ್ಲ. 2025ರ ಜೂನ್‌ನಲ್ಲಿ ಪ್ಲೇಸ್ಟೇಷನ್ ಬೀಟ್ ಸೇಬರ್‌ಗೆ ಇನ್ಮೇಲೆ ಹೊಸ ಅಪ್‌ಡೇಟ್ ಇಲ್ಲ ಅಂತ ಹೇಳಿದ್ರು. ಕೊಂಡ ಗೇಮ್ ಅದೇ. ಆದ್ರೆ ಕಂಪ್ಯೂಟರ್‌ನಲ್ಲಿ ಆಡೋನಿಗೆ ಕಂಪನಿ ಕೈಬಿಟ್ರೂ ಹೊಸ ಹಾಡು ಬರ್ತಾನೇ ಇರತ್ತೆ. ಪ್ಲೇಸ್ಟೇಷನ್‌ನಲ್ಲಿ ಆಡೋನಿಗೆ ಕಂಪನಿ ನಿಲ್ಲಿಸಿದ ದಿನವೇ ಹೊಸ ಹಾಡೂ ನಿಂತ್ಹೋಯ್ತು. ಮಾಡ್ ಅಂದ್ರೆ ಇದು. ಅಂಗಡಿ ಮುಚ್ಚಿದ ಮೇಲೂ ಒಲೆ ಉರೀತಾ ಇರೋದು.

8/8

ಕೊನೇದು. ಇದು ನಮಗೇ ಸಂಬಂಧಪಟ್ಟಿದ್ದು.

ಬೀಟ್ ಸೇಬರ್‌ಗೆ ಬಿಟಿಎಸ್ ಪ್ಯಾಕ್ ಬಂತು, ಬಿಲ್ಲಿ ಐಲಿಶ್ ಪ್ಯಾಕ್ ಬಂತು, ಲಿಂಕಿನ್ ಪಾರ್ಕ್ ಬಂತು, ಕ್ವೀನ್ ಬಂತು. ಕನ್ನಡ ಪ್ಯಾಕ್ ಬಂದಿಲ್ಲ. ಬರತ್ತೆ ಅಂತ ಕಾಯೋನು ಕಾಯ್ತಾನೇ ಇರ್ಬೇಕು, ಯಾಕಂದ್ರೆ ಅಷ್ಟು ದೂರದ ಆಫೀಸ್‌ನ ಮಾರಾಟದ ಪಟ್ಟಿಯಲ್ಲಿ ನಾವು ಒಂದು ಸಾಲೂ ಅಲ್ಲ. ಅವರನ್ನ ಬೈದು ಪ್ರಯೋಜನ ಇಲ್ಲ, ಅದು ಅವರ ವ್ಯಾಪಾರ. ಆದ್ರೆ ಅವರು ಕೊಡ್ದೇ ಇರೋದನ್ನ ನಾವೇ ಮಾಡ್ಕೊಳ್ಳೋ ದಾರಿಗೆ ಹೆಸರೇ ಮಾಡ್. ಆ ಪದಕ್ಕೆ ಮಸಿ ಬಳಿದ್ರೆ ಲಾಸ್ ಯಾರಿಗೆ?

ಮ್ಯಾಪ್ ಮಾಡೋದು ಕಷ್ಟ ಅಲ್ಲ, ತಾಳ್ಮೆ ಬೇಕಷ್ಟೇ. ಅಡ್ಡಕ್ಕೆ 4, ಉದ್ದಕ್ಕೆ 3 ಮನೆ ಇರೋ ಚೌಕ. ಕೆಂಪು ಎಡಗೈಗೆ, ನೀಲಿ ಬಲಗೈಗೆ. ಕತ್ತಿ ಬೀಸೋಕೆ 8 ದಿಕ್ಕು, ಜೊತೆಗೆ ಯಾವ ದಿಕ್ಕಿಂದ ಬೇಕಾದ್ರೂ ಸೀಳಬಹುದಾದ ಚುಕ್ಕಿ ಡಬ್ಬಿ. ಹಾಡಿನ ಬೀಟ್ ಎಣಿಸಿ ಒಂದೊಂದೇ ಇಡ್ತಾ ಹೋಗೋದು. ತಮಟೆ ಏಟಿಗೆ, ಡೊಳ್ಳಿನ ಗತ್ತಿಗೆ ಇದನ್ನ ಕಲ್ಪಿಸ್ಕೊಳ್ಳಿ. ಕೈ ಸುಮ್ನಿರತ್ತಾ?

ಆದ್ರೆ ಇಲ್ಲೂ ಗೆರೆ ದಾಟಬೇಡಿ. ಸಿನಿಮಾ ಹಾಡಿನ ಹಕ್ಕು ಆಡಿಯೋ ಕಂಪನಿಯದ್ದು. ಗೇಮ್ ನೀವು ಕೊಂಡಿದೀರಿ ಅಂತ ಆ ಹಾಡನ್ನ ಊರಿಗೆಲ್ಲ ಹಂಚೋ ಹಕ್ಕು ಬರಲ್ಲ. ಅದಕ್ಕೆ ನನ್ನ ಐಡಿಯಾ ಇಷ್ಟು: ನಮ್ಮ ಕಾಲೇಜಲ್ಲೇ ತಮಟೆ ಬಾರಿಸೋರು ಇದ್ದಾರೆ, ಡೊಳ್ಳು ಟೀಮ್ ಇದೆ, ಸ್ವಂತ ಹಾಡು ಕಟ್ಟೋ ಬ್ಯಾಂಡ್ ಹುಡುಗ್ರು ಹುಡುಗೀರು ಇದ್ದಾರೆ. ಅವರನ್ನ ಕೇಳಿ, ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ, ಅವರ ಹೆಸರು ಹಾಕಿ ಮ್ಯಾಪ್ ಮಾಡಿ ಹಂಚೋಣ. ಅದರಲ್ಲಿ ಕದ್ದಿದ್ದು ಒಂದು ಸೆಕೆಂಡೂ ಇರ್ಬಾರ್ದು. ನಮ್ಮ ಕ್ಲಾಸಲ್ಲಿ ಹೆಡ್‌ಸೆಟ್ ಇರೋದು ಇಬ್ಬರ ಹತ್ರ. ಸಾಕು. ಮ್ಯಾಪ್ ಮಾಡೋಕೆ ಹೆಡ್‌ಸೆಟ್ ಬೇಕಿಲ್ಲ, ಒಂದು ಲ್ಯಾಪ್‌ಟಾಪ್ ಸಾಕು.

ಎಪಿಕೆ ಲಿಂಕ್ ಕೇಳಿದವರಿಗೆ ನನ್ನ ಉತ್ತರ: ಇಲ್ಲ, ಕೊಡಲ್ಲ. ಪೈರಸಿ ಅಂತ ಬೈದವರಿಗೆ ಉತ್ತರ: 52ನೇ ಸೆಕ್ಷನ್ ಓದ್ಕೊಂಡು ಬನ್ನಿ, ಕಾಮೆಂಟಲ್ಲಿ ಸಿಗೋಣ. ಕೊಂಡ ಗೇಮ್ ಇದೆ, ಹೆಂಗೆ ಮಾಡ್ ಹಾಕೋದು ಗೊತ್ತಾಗ್ತಿಲ್ಲ ಅನ್ನೋರು ಯಾವಾಗ ಬೇಕಾದ್ರೂ ಡಿಎಂ ಮಾಡಿ, ಕೂತು ತೋರಿಸ್ಕೊಡ್ತೀನಿ. ಅದಕ್ಕೆ ಒಂದು ರೂಪಾಯಿನೂ ಬೇಡ. ತಮಟೆ ಬಾರಿಸೋಕೆ ಬರೋರನ್ನ ಮಾತ್ರ ಟ್ಯಾಗ್ ಮಾಡಿ.

#ಮಾಡ್_ಬೇರೆ_ಕ್ರ್ಯಾಕ್_ಬೇರೆ #ಬೀಟ್‌ಸೇಬರ್ #ಕನ್ನಡ_ಗೇಮಿಂಗ್ #ಬಿಕಾಂ_ಲೆಕ್ಕ